ಲೋಳೆಯನ್ನು ಉಜ್ಜಬೇಡಿ

ಗುಂಡ್ಲುಪೇಟೆಯಿಂದ ಊಟಿ ರಸ್ತೆ ಹಿಡಿದು ಹಂಗಳದಲ್ಲಿ ಬಲಕ್ಕೆ ತಿರುಗಿದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಬುಡ ಸಿಗುತ್ತದೆ. ನಮ್ಮ ನಮ್ಮ ಗಾಡಿಗಳು ಅಲ್ಲೇ ನಿಲ್ಲಬೇಕು. ಮೇಲಕ್ಕೆ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲೇ ಹೋಗಬೇಕು. 1,454 ಮೀಟರ್ ಎತ್ತರದ ಆ ನೆತ್ತಿಗೆ ಯಾವಾಗ ಬೇಕಾದರೂ ಮಂಜು ಕವಿಯಬಹುದು. ಅಲ್ಲಿನ ತೀರ್ಥಗಳಲ್ಲಿ ಹೆಸರಾದದ್ದು ಹಂಸತೀರ್ಥ. ಅದರಲ್ಲಿ ಮುಳುಗೆದ್ದ ಕಾಗೆ ಹಂಸವಾಯಿತಂತೆ. ಅಂದಿನಿಂದ ಬೆಟ್ಟದ ಮೇಲೆ ಕಾಗೆಗಳೇ ಸುಳಿಯುವುದಿಲ್ಲವಂತೆ. ನೀರು ತಾನೂ ಶುದ್ಧವಾಗಿದ್ದು ತನ್ನೊಳಗೆ ಇಳಿದದ್ದನ್ನೂ ಶುದ್ಧಗೊಳಿಸುತ್ತದೆ ಎಂಬ ನಂಬಿಕೆ ಇಂಥ ಕಥೆಗಳ ಬೆನ್ನಿಗಿದೆ. ನೀರಿನ ವಿಜ್ಞಾನ ಓದಿದವರಿಗೂ ಈ ನಂಬಿಕೆಯಲ್ಲಿ ಹುರುಳು ಕಾಣುತ್ತದೆ. ಒಂದು ತಿದ್ದುಪಡಿ ಮಾತ್ರ ಬೇಕು: ಆ ಕೆಲಸ ನಡೆಯುವುದು ಕಲ್ಲು, ಮರಳು, ಕೊಳೆತ ಎಲೆಗಳಿಗೆ ಅಂಟಿಕೊಂಡ ಲೋಳೆಯಲ್ಲಿ.

ಬೆಟ್ಟದ ಸುತ್ತ ಹಬ್ಬಿರುವ ಬಂಡೀಪುರದ ಕಾಡನ್ನೇ ನೋಡಿ. ಆನೆ, ಕಾಟಿ, ಕಡವೆಗಳು ಕೆರೆಗಿಳಿಯುತ್ತವೆ, ಕೆಸರು ಕಲಕುತ್ತವೆ, ಲದ್ದಿ ಹಾಕುತ್ತವೆ. ಎಲೆ ಉದುರಿ ತಳ ಸೇರುತ್ತದೆ. ಸತ್ತ ಕಪ್ಪೆ, ಸತ್ತ ಹುಳು ಎಲ್ಲವೂ ಅಲ್ಲೇ ಕರಗುತ್ತವೆ. ಯಾರೂ ಫಿಲ್ಟರ್ ಇಟ್ಟಿಲ್ಲ, ಯಾರೂ ವಾರಕ್ಕೊಮ್ಮೆ ನೀರು ಬದಲಾಯಿಸುವುದಿಲ್ಲ. ಆದರೂ ಆ ನೀರಿನಲ್ಲಿ ಮೀನು ಮರಿ ಮಾಡುತ್ತದೆ. ಇತ್ತ ಗುಂಡ್ಲುಪೇಟೆಯದೋ ಚಾಮರಾಜನಗರದದೋ ಒಂದು ಮನೆಯಲ್ಲಿ ಹೊಸ ಗಾಜಿನ ತೊಟ್ಟಿ, ಹೊಳೆಯುವ ಕಲ್ಲು, ಕುಡಿಯುವಷ್ಟು ಶುದ್ಧ ನೀರು, ಆರು ಬಣ್ಣದ ಮೀನು. ಮೂರನೇ ದಿನಕ್ಕೆ ನೀರು ಹಾಲಿನಂತಾಗುತ್ತದೆ. ಗಾಬರಿಯಾದ ಮನೆಯವರು ಎಲ್ಲ ನೀರನ್ನೂ ಚೆಲ್ಲಿ, ಕಲ್ಲನ್ನು ಬ್ರಷ್ಷಿನಲ್ಲಿ ಉಜ್ಜಿ, ಹೊಸ ನೀರು ತುಂಬುತ್ತಾರೆ. ವಾರದೊಳಗೆ ಮೀನುಗಳು ಒಂದೊಂದಾಗಿ ಮೇಲಕ್ಕೆ ಬಂದು ಬಾಯಿ ತೆರೆದು ತೆರೆದು ಸಾಯುತ್ತವೆ. "ಎಷ್ಟು ಕ್ಲೀನಾಗಿ ಇಟ್ಟಿದ್ದೆವು, ಆದರೂ ಹೋದವು" ಎಂದು ಮಕ್ಕಳು ಅಳುತ್ತಾರೆ. ಅವು ಸತ್ತದ್ದು ಆ ಕ್ಲೀನಿನಿಂದಲೇ ಎಂಬುದನ್ನು ಅವರಿಗೆ ಯಾರಾದರೂ ಹೇಳಬೇಕು. ಈ ಅಧ್ಯಾಯದ ಉದ್ದೇಶ ಅದೇ.

ಹಳ್ಳಿಯ ಹಿತ್ತಿಲಲ್ಲಿ ಇದಕ್ಕೆ ತದ್ವಿರುದ್ಧವಾದ ಉದಾಹರಣೆ ಇರುತ್ತದೆ. ಸಿಮೆಂಟಿನ ನೀರಿನ ತೊಟ್ಟಿ. ಸೊಳ್ಳೆ ಹುಳು ತಿನ್ನಲಿ ಎಂದು ಆರೋಗ್ಯ ಇಲಾಖೆಯವರು ಬಿಟ್ಟು ಹೋದ ಗಪ್ಪಿ ಮೀನುಗಳು ಅದರಲ್ಲಿ ವರ್ಷಗಟ್ಟಲೆ ಬದುಕಿರುತ್ತವೆ. ಮಲೇರಿಯಾ ತಡೆಗೆ ಬಾವಿ, ತೊಟ್ಟಿಗಳಿಗೆ ಗಪ್ಪಿ, ಗ್ಯಾಂಬೂಸಿಯಾಗಳನ್ನು ಬಿಡುವ ಪದ್ಧತಿ ಕರ್ನಾಟಕದಲ್ಲಿ ಹೊಸದಲ್ಲ. 1990ರ ದಶಕದಲ್ಲಿ ತುಮಕೂರು, ಕೋಲಾರದ ಕಡೆಯ ಹಳ್ಳಿಗಳಲ್ಲಿ ಮಲೇರಿಯಾ ಸಂಶೋಧಕರು ಇದನ್ನು ವ್ಯವಸ್ಥಿತವಾಗಿ ಮಾಡಿ ನೋಡಿದ್ದಾರೆ. ಅಂಥ ತೊಟ್ಟಿಯ ಒಳಗೋಡೆಗೆ ಬೆರಳು ಸವರಿ ನೋಡಿ. ನೀರಿನ ಮಟ್ಟದ ಹತ್ತಿರ ಹಸಿರು ಪಾಚಿ, ಬಿಸಿಲು ತಾಗದ ಕೆಳಭಾಗದಲ್ಲಿ ಕಂದು ಬಣ್ಣದ ಜಾರುವ ಪದರ. ಬೆರಳಿಗೆ ಹತ್ತಿದ್ದನ್ನು ಬೆಳಕಿಗೆ ಹಿಡಿದರೆ ಅದರಲ್ಲಿ ಸಣ್ಣ ಮಣ್ಣಿನ ಕಣ, ಪಾಚಿಯ ಎಳೆ, ಮಿಸುಕಾಡುವ ಸೂಕ್ಷ್ಮ ಹುಳು. ಮೂಸಿದರೆ ಕೊಳೆತ ವಾಸನೆ ಬರುವುದಿಲ್ಲ; ಮೊದಲ ಮಳೆ ಬಿದ್ದ ಹೊಲದ ವಾಸನೆ ಬರುತ್ತದೆ. ಆ ಪದರ ಇರುವವರೆಗೂ ಗಪ್ಪಿ ಕ್ಷೇಮ. ಹಬ್ಬಕ್ಕೆಂದು ಯಾರಾದರೂ ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿ ತೊಳೆದು, ಮೀನನ್ನು ಮತ್ತೆ ಬಿಟ್ಟರೆ ಉಳಿದ ಕ್ಲೋರಿನ್ನಿನಿಂದಲೇ ಕೆಲವು ಸಾಯಬಹುದು. ಬದುಕಿದವಕ್ಕೆ ಹಳೆಯ ಲೋಳೆಯ ರಕ್ಷಣೆ ಇರುವುದಿಲ್ಲ.

ಗಾಜಿನ ತೊಟ್ಟಿಯಲ್ಲಿ ಮೀನು ಬಹುಕಾಲ ಬದುಕುವುದು ಹೇಗೆ ಎಂಬ ಪ್ರಶ್ನೆಗೆ ಮೊದಲ ಗಟ್ಟಿ ಉತ್ತರ ಸಿಕ್ಕಿದ್ದು 1850ರ ಲಂಡನ್ನಿನಲ್ಲಿ. ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞ ಎರಡು ಗೋಲ್ಡ್‌ಫಿಶ್‌ಗಳನ್ನು ತಳದಲ್ಲಿ ಮರಳು, ಮಣ್ಣು ಹಾಕಿದ ಪಾತ್ರೆಯಲ್ಲಿ ಬಿಟ್ಟು, ಜೊತೆಗೆ ವ್ಯಾಲಿಸ್ನೇರಿಯಾ ಎಂಬ ನೀರುಗಿಡ ನೆಟ್ಟರು. ರಿಬ್ಬನ್ನಿನಂತೆ ಉದ್ದುದ್ದ ಎಲೆಯ ಈ ಗಿಡ ನಮ್ಮ ದೇಶದ ಕೆರೆಗಳಲ್ಲೂ ಬೆಳೆಯುತ್ತದೆ. ಗಿಡ ಆಮ್ಲಜನಕ ಕೊಡುತ್ತದೆ, ಮೀನು ಉಸಿರಾಡುತ್ತದೆ ಎಂಬುದು ಅವರ ಲೆಕ್ಕ. ಆದರೆ ಹಳೆಯ ಎಲೆಗಳು ಕೊಳೆತು ನೀರು ಕೆಡತೊಡಗಿತು. ಆಗ ಅವರು ಕೆರೆಯ ಕೆಲವು ಬಸವನಹುಳುಗಳನ್ನು ತಂದು ಬಿಟ್ಟರು. ಅವು ಕೊಳೆತದ್ದನ್ನೂ ಪಾಚಿಯನ್ನೂ ತಿಂದವು, ನೀರು ತಿಳಿಯಾಯಿತು. ಮೀನು, ಗಿಡ, ಬಸವನಹುಳು ಮೂರೂ ಸೇರಿದರೆ ಸಮತೋಲ ಎಂದು ಅವರು ಬರೆದದ್ದು ಯುರೋಪಿನಲ್ಲಿ ಮೀನುತೊಟ್ಟಿಯ ಹುಚ್ಚನ್ನೇ ಹಬ್ಬಿಸಿತು. 1853ರಲ್ಲಿ ಲಂಡನ್ ಪ್ರಾಣಿಸಂಗ್ರಹಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯವೇ ತೆರೆಯಿತು.

ವಾರಿಂಗ್ಟನ್ನರ ಲೆಕ್ಕದಲ್ಲಿ ಒಂದು ಬಾಬ್ತು ಬಿಟ್ಟುಹೋಗಿತ್ತು. ಮೀನು ಹೊರಬಿಡುವ ಅಮೋನಿಯಾ ಏನಾಗುತ್ತದೆ? ಮೀನಿಗೆ ನಮ್ಮಂತೆ ಯೂರಿಯಾ ತಯಾರಿಸಿ ಮೂತ್ರದಲ್ಲಿ ಕಳಿಸುವ ಗೋಜಿಲ್ಲ. ತಿಂದ ಪ್ರೋಟೀನಿನ ಸಾರಜನಕದ ಬಹುಪಾಲನ್ನು ಅದು ಕಿವಿರುಗಳ ಮೂಲಕ ಅಮೋನಿಯಾ ರೂಪದಲ್ಲೇ ನೀರಿಗೆ ಬಿಡುತ್ತದೆ. ಅಮೋನಿಯಾ ಮೀನಿಗೆ ವಿಷ. ಹಾಗಾದರೆ ಆ ತೊಟ್ಟಿಯ ಗೋಲ್ಡ್‌ಫಿಶ್‌ಗಳು ಬದುಕಿದ್ದು ಹೇಗೆ?

ಉತ್ತರ ಬಂದದ್ದು ಚರಂಡಿ ನೀರಿನಿಂದ. 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಎಂಬಿಬ್ಬರು ಉದ್ದದ ಕೊಳವೆಯೊಂದರಲ್ಲಿ ಮರಳು, ಸುಣ್ಣಕಲ್ಲು ತುಂಬಿ, ಮೇಲಿನಿಂದ ಚರಂಡಿ ನೀರನ್ನು ನಿಧಾನವಾಗಿ ಇಳಿಸಿದರು. ಮೊದಲ 20 ದಿನ ಹೋದ ಅಮೋನಿಯಾ ಹಾಗೆಯೇ ಹೊರಬಂತು. ಆಮೇಲೆ ನೈಟ್ರೇಟ್ ಕಾಣತೊಡಗಿತು, ಕ್ರಮೇಣ ಅಮೋನಿಯಾ ಪೂರ್ತಿ ಮಾಯವಾಯಿತು. ಕೊಳವೆಯೊಳಗೆ ಕ್ಲೋರೋಫಾರ್ಮ್ ಆವಿ ಬಿಟ್ಟರೆ ಕೆಲಸ ನಿಂತಿತು; ಅಂದರೆ ಅಲ್ಲಿ ಜೀವವಿತ್ತು. ಕ್ಲೋರೋಫಾರ್ಮ್ ಹೋದ ಮೇಲೆ ಸ್ವಲ್ಪ ಹೊಸ ಮಣ್ಣಿನ ನೀರು ಸೇರಿಸಿದಾಗ ಕೆಲಸ ಮತ್ತೆ ಶುರುವಾಯಿತು. ಈ ಸಂಗತಿಯ ಬೆನ್ನುಹತ್ತಿ ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ವರ್ಷಗಟ್ಟಲೆ ದುಡಿದು, ಇದು ಎರಡು ಹಂತದ ಕೆಲಸ, ಎರಡು ಬಗೆಯ ಜೀವಿಗಳು ಮಾಡುವಂಥದ್ದು ಎಂದು ತೋರಿಸಿದವರ ಹೆಸರು ಕೂಡ ರಾಬರ್ಟ್ ವಾರಿಂಗ್ಟನ್. ಗೋಲ್ಡ್‌ಫಿಶ್ ತೊಟ್ಟಿಯ ವಾರಿಂಗ್ಟನ್ನರ ಮಗ! ಅಪ್ಪನ ತೊಟ್ಟಿಯಲ್ಲಿ ಕಣ್ಣಿಗೆ ಬೀಳದೆ ದುಡಿಯುತ್ತಿದ್ದವರನ್ನು ಮಗ ಹೊಲದ ಮಣ್ಣಿನಲ್ಲಿ ಹುಡುಕಿದ. ವಿಜ್ಞಾನದ ಚರಿತ್ರೆಯಲ್ಲಿ ನನಗೆ ಬಹಳ ಪ್ರಿಯವಾದ ಪ್ರಸಂಗ ಇದು. ಆ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿ ಬೆಳೆಸಿದ ಕೀರ್ತಿ 1890ರ ಹೊತ್ತಿಗೆ ರಷ್ಯಾದ ವಿನೋಗ್ರಾಡ್ಸ್ಕಿಯವರಿಗೆ ಸಂದಿತು.

ಮೊದಲ ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ನೈಟ್ರೈಟ್ ಕೂಡ ವಿಷವೇ. ಅದು ಮೀನಿನ ರಕ್ತದ ಹಿಮೋಗ್ಲೋಬಿನ್ನನ್ನು ಕೆಡಿಸಿ, ನೀರಿನಲ್ಲಿ ಆಮ್ಲಜನಕ ಇದ್ದರೂ ಹೊರಲಾರದಂತೆ ಮಾಡುತ್ತದೆ, ಕಿವಿರು ಕಂದು ಬಣ್ಣಕ್ಕೆ ತಿರುಗುತ್ತದೆ. ಎರಡನೇ ಗುಂಪು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಮೀನಿಗೆ ಅಷ್ಟಾಗಿ ತೊಂದರೆ ಕೊಡದು, ಗಿಡಕ್ಕೆ ಗೊಬ್ಬರ. ಎರಡು ಗುಂಪು ಎಂಬ ಮಾತು ನೂರಕ್ಕೂ ಹೆಚ್ಚು ವರ್ಷ ಪಠ್ಯಪುಸ್ತಕಗಳಲ್ಲಿತ್ತು. 2015ರಲ್ಲಿ ಅದಕ್ಕೂ ತಿದ್ದುಪಡಿ ಬಂತು: ಎರಡೂ ಹಂತಗಳನ್ನು ಒಂದೇ ಜೀವಿ ಮುಗಿಸಬಲ್ಲದು. ನೈಟ್ರೋಸ್ಪೈರಾ ಕುಲದ ಈ ಬ್ಯಾಕ್ಟೀರಿಯಾಗಳು ಸಿಕ್ಕ ಎರಡು ಜಾಗಗಳಲ್ಲಿ ಒಂದು ನೆದರ್‌ಲ್ಯಾಂಡ್ಸ್‌ನ ಸಂಶೋಧಕರು ಪರೀಕ್ಷಿಸಿದ ಮೀನು ಸಾಕಣೆ ತೊಟ್ಟಿಯ ಫಿಲ್ಟರ್. ಮನೆಯ ತೊಟ್ಟಿಯ ಕಂದು ಲೋಳೆಯಲ್ಲೂ ಇದೇ ಕುಲದವು ಇರುತ್ತವೆ.

ಇವಕ್ಕೆ ಅವಸರವಿಲ್ಲ. ನಮ್ಮ ಕರುಳಿನ ಇ. ಕೋಲಿ ಅನುಕೂಲ ಸಿಕ್ಕರೆ 20 ನಿಮಿಷಕ್ಕೆ ಎರಡಾಗುತ್ತದೆ. ನೈಟ್ರೀಕರಣದ ಬ್ಯಾಕ್ಟೀರಿಯಾಗಳಿಗೆ ಅರ್ಧ ದಿನ, ಒಂದು ದಿನ, ಕೆಲವಕ್ಕೆ ಅದಕ್ಕೂ ಹೆಚ್ಚು ಬೇಕು. ಅವು ನೀರಿನಲ್ಲಿ ತೇಲುವುದಕ್ಕಿಂತ ಅಂಟಿಕೊಂಡು ಬದುಕಲು ಇಷ್ಟಪಡುತ್ತವೆ. ಆದ್ದರಿಂದ ನೀರು ಬದಲಾಯಿಸಿದರೆ ಅವಕ್ಕೆ ಅಷ್ಟೇನೂ ನಷ್ಟವಿಲ್ಲ. ಕಲ್ಲು ಉಜ್ಜಿದರೆ, ಸ್ಪಂಜನ್ನು ನಲ್ಲಿಯ ನೀರಿನಲ್ಲಿ ತಿಕ್ಕಿ ತೊಳೆದರೆ ಸಂಸಾರವೇ ಹೋಯಿತು. ಮೂರನೇ ದಿನ ನೀರು ಹಾಲಾಯಿತಲ್ಲ, ಅದು ಬೇರೆ ಜಾತಿಯ ಬ್ಯಾಕ್ಟೀರಿಯಾಗಳ ಗದ್ದಲ. ಉಳಿದ ತಿಂಡಿಯನ್ನು ತಿಂದು ದಿಢೀರನೆ ಹೆಚ್ಚುವ ಅವು ತಾವಾಗಿಯೇ ಇಳಿಯುತ್ತವೆ. ತಿಂಡಿ ನಿಲ್ಲಿಸಿ, ಗಾಳಿಯ ಪಂಪ್ ಓಡಿಸಿ, ಸುಮ್ಮನಿದ್ದರೆ ಕೆಲವು ದಿನಗಳಲ್ಲಿ ನೀರು ತಿಳಿಯಾಗುತ್ತದೆ.

ತಿಂಡಿಯ ಲೆಕ್ಕವನ್ನು ಒಮ್ಮೆ ಹಾಕಿಯೇ ನೋಡೋಣ. ಬಹುಪಾಲು ತೊಟ್ಟಿಗಳು ಕೆಡುವುದು ಇಲ್ಲಿ. 60 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರದ ತೊಟ್ಟಿ ಎಂದುಕೊಳ್ಳಿ. ಕಲ್ಲು, ಗಿಡ ಕಳೆದರೆ ಸುಮಾರು 50 ಲೀಟರ್ ನೀರು. ಅಂಗಡಿಯ ಮೀನಿನ ತಿಂಡಿಯಲ್ಲಿ ಶೇ 40ರಷ್ಟು ಪ್ರೋಟೀನ್ ಇದ್ದರೆ, ಒಂದು ಗ್ರಾಂ ತಿಂಡಿಯಲ್ಲಿ 64 ಮಿಲಿಗ್ರಾಂ ಸಾರಜನಕ. ಅದರಲ್ಲಿ ಶೇ 60 ಅಮೋನಿಯಾ ಆಗಿ ಹೊರಬಿತ್ತೆಂದರೂ ಲೀಟರಿಗೆ ಮುಕ್ಕಾಲು ಮಿಲಿಗ್ರಾಂ. ಇದರಲ್ಲಿ ಎಷ್ಟು ಪಾಲು ನಿಜವಾದ ವಿಷ ಎಂಬುದು ನೀರಿನ ಪಿಎಚ್ ಮೇಲೆ ನಿಂತಿದೆ. 25 ಡಿಗ್ರಿ ಉಷ್ಣತೆಯಲ್ಲಿ ಪಿಎಚ್ 7 ಇದ್ದರೆ ನೂರು ಪಾಲಿನಲ್ಲಿ ಕೇವಲ ಅರ್ಧ ಪಾಲಿಗಿಂತ ಸ್ವಲ್ಪ ಹೆಚ್ಚು, ಪಿಎಚ್ 8 ಇದ್ದರೆ ಐದು ಪಾಲು, ಪಿಎಚ್ 9ಕ್ಕೆ ಏರಿದರೆ ಮೂರನೇ ಒಂದು ಭಾಗಕ್ಕೂ ಮಿಕ್ಕಿ ವಿಷಕಾರಿ ರೂಪದಲ್ಲಿರುತ್ತದೆ. ಲೋಳೆ ಇಲ್ಲದ ಹೊಸ ತೊಟ್ಟಿಯಲ್ಲಿ ಪಿಎಚ್ 8ರ ನೀರಿಗೆ ಒಂದೇ ಒಂದು ಗ್ರಾಂ ತಿಂಡಿ ಬಿದ್ದರೂ ಕಿವಿರಿಗೆ ಉರಿ ಹತ್ತುವ ಮಟ್ಟ ಮುಟ್ಟುತ್ತದೆ. ಅರ್ಧ ಗ್ರಾಮಿನ ಎಂಟು ಸಣ್ಣ ಮೀನುಗಳಿಗೆ ದಿನಕ್ಕೆ ಬೇಕಾದ ಒಣ ತಿಂಡಿ ಸುಮಾರು ಒಂದು ಗ್ರಾಮಿನ ಹತ್ತನೇ ಒಂದು ಭಾಗ. ಮನೆಯ ಮೂರು ಮಕ್ಕಳು ಮೂರು ಹೊತ್ತು ಚಿಟಿಕೆ ಚಿಟಿಕೆ ಉದುರಿಸಿದರೆ ವಾರದ ಊಟ ಒಂದೇ ದಿನಕ್ಕೆ ಬಿದ್ದಿರುತ್ತದೆ. ಮೀನು ಬಾಯಿ ತೆರೆದುಕೊಂಡು ಗಾಜಿನ ಬಳಿ ಬಂದರೆ ಹಸಿವಾಗಿದೆ ಎಂದಲ್ಲ; ಅದು ಯಾವಾಗಲೂ ಬರುತ್ತದೆ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮಾತ್ರ ಹಾಕಿ. ವಾರದಲ್ಲಿ ಒಂದು ದಿನ ಏನೂ ಹಾಕದಿದ್ದರೂ ಅವು ಸೊರಗುವುದಿಲ್ಲ.

ಎಂಟು ಸಣ್ಣ ಮೀನು ಎಂದೆ. 50 ಲೀಟರಿಗೆ ನಾನು ಮೊದಲು ಹೇಳುವುದು ಜೀಬ್ರಾ ಮೀನನ್ನು. ಜಗತ್ತಿನ ಪ್ರಯೋಗಾಲಯಗಳೆಲ್ಲ ಸಾಕುವ ಈ ನೀಲಿ ಪಟ್ಟೆಯ ಮೀನು ನಮ್ಮ ಉಪಖಂಡದ್ದೇ. ಅದಕ್ಕೆ 1822ರಲ್ಲಿ ವೈಜ್ಞಾನಿಕ ಹೆಸರಿಟ್ಟ ಫ್ರಾನ್ಸಿಸ್ ಬುಕನನ್ ಹ್ಯಾಮಿಲ್ಟನ್ ಕನ್ನಡ ಓದುಗರಿಗೆ ಅಪರಿಚಿತರಲ್ಲ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿ ಬೆಳೆ, ಕಸುಬು, ಕೆರೆಗಳ ವಿವರ ಬರೆದಿಟ್ಟ ಅದೇ ಬುಕನನ್. ಗೋಲ್ಡ್‌ಫಿಶ್ ಸಣ್ಣ ತೊಟ್ಟಿಗೆ ಹೊಂದುವುದಿಲ್ಲ. ಅದು ಗೇಣುದ್ದ ಬೆಳೆಯುವ ಮೀನು, ಹೊಲಸೂ ಅಷ್ಟೇ ಹೆಚ್ಚು. ದುಂಡನೆಯ ಗಾಜಿನ ಬುಂಡೆಯಲ್ಲಿ ಅದನ್ನು ಇಡುವುದು ನಿಧಾನವಾಗಿ ಕೊಲ್ಲುವುದಕ್ಕೆ ಸಮ.

ಹೊಸ ತೊಟ್ಟಿ ಹೂಡುವವರು ಫ್ರೆಂಚರ ಆ 20 ದಿನಗಳನ್ನು ನೆನಪಿಟ್ಟುಕೊಳ್ಳಬೇಕು. ಮೀನಿಲ್ಲದೆ ತೊಟ್ಟಿ ತುಂಬಿ, ಫಿಲ್ಟರ್ ಓಡಿಸಿ, ದಿನಕ್ಕೊಂದು ಸಣ್ಣ ಚಿಟಿಕೆ ತಿಂಡಿ ಹಾಕಿ ಕೊಳೆಯಲು ಬಿಡಿ. ಅಮೋನಿಯಾ ಏರುತ್ತದೆ, ಆಮೇಲೆ ಇಳಿದು ನೈಟ್ರೈಟ್ ಏರುತ್ತದೆ, ಕೊನೆಗೆ ಅದೂ ಇಳಿದು ನೈಟ್ರೇಟ್ ಉಳಿಯುತ್ತದೆ. ಇದಕ್ಕೆ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅಂಗಡಿಯಲ್ಲಿ ಸಿಗುವ ಹನಿ ಪರೀಕ್ಷೆಯ ಕಿಟ್ ಇದ್ದರೆ ಈ ಏರಿಳಿತವನ್ನು ಬಣ್ಣದಲ್ಲೇ ನೋಡಬಹುದು. ಶಾಲೆಯ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗ ನನಗೆ ತಿಳಿದಿಲ್ಲ. ಕಾಯಲು ಆಗದವರಿಗೆ ದಾರಿಯೊಂದಿದೆ: ಆರೋಗ್ಯವಾಗಿ ನಡೆಯುತ್ತಿರುವ ಸ್ನೇಹಿತರ ತೊಟ್ಟಿಯಿಂದ ಫಿಲ್ಟರಿನ ಹಳೆಯ ಸ್ಪಂಜಿನ ಒಂದು ತುಂಡನ್ನು ಒದ್ದೆಯಾಗಿಯೇ ತಂದು ನಿಮ್ಮ ಫಿಲ್ಟರಿನಲ್ಲಿ ಸೇರಿಸುವುದು. ಮೊಸರಿಗೆ ಹೆಪ್ಪು ಹಾಕಿದಂತೆ. ಆಮೇಲೂ ಎಲ್ಲ ಮೀನನ್ನು ಒಂದೇ ದಿನ ಬಿಡಬಾರದು. ಮೊದಲು ಮೂರು, ಹತ್ತು ಹದಿನೈದು ದಿನ ಬಿಟ್ಟು ಉಳಿದವು.

ಸ್ಪಂಜು ತಿಂಗಳಿಗೊಮ್ಮೆ ಕಟ್ಟಿಕೊಳ್ಳುತ್ತದೆ, ತೊಳೆಯಲೇಬೇಕು. ತೊಟ್ಟಿಯಿಂದ ತೆಗೆದ ಹಳೆಯ ನೀರನ್ನೇ ಬಕೆಟ್ಟಿಗೆ ಹಾಕಿಕೊಂಡು ಅದರಲ್ಲಿ ಎರಡು ಸಲ ಹಿಂಡಿ, ಅಷ್ಟೇ. ನೀರು ಗೋಧಿಬಣ್ಣಕ್ಕೆ ತಿರುಗುತ್ತದೆ, ಸ್ಪಂಜು ಕಂದಾಗಿಯೇ ಉಳಿಯುತ್ತದೆ. ಹಾಗೆಯೇ ಉಳಿಯಬೇಕು. ನಲ್ಲಿಯ ಕೆಳಗೆ ಹಿಡಿದರೆ ಕ್ಲೋರಿನ್ ಆ ಲೋಳೆಯನ್ನು ಕೊಲ್ಲುತ್ತದೆ. ಕ್ಲೋರಿನ್ ಹಾಕುವುದೇ ಬ್ಯಾಕ್ಟೀರಿಯಾ ಕೊಲ್ಲಲು ತಾನೆ. ಮುಂದಿನ ಗಾಜನ್ನು ನೋಟಕ್ಕೆಂದು ಒರೆಸಿಕೊಳ್ಳಿ. ಹಿಂಬದಿ, ಪಕ್ಕದ ಗಾಜು, ಕಲ್ಲು ಇವನ್ನು ಮುಟ್ಟಬೇಡಿ.

ಈ ಬ್ಯಾಕ್ಟೀರಿಯಾಗಳಿಗೆ ಮೀನಿನಷ್ಟೇ ಉಸಿರಿನ ಹಸಿವು. ಅಮೋನಿಯಾದ ಒಂದು ಮಿಲಿಗ್ರಾಂ ಸಾರಜನಕವನ್ನು ನೈಟ್ರೇಟ್ ಮಾಡಲು ನಾಲ್ಕೂವರೆ ಮಿಲಿಗ್ರಾಂಗೂ ಹೆಚ್ಚು ಆಮ್ಲಜನಕ ಬೇಕು. ಇಲ್ಲಿ ಬೆಟ್ಟಕ್ಕೂ ಬಯಲಿಗೂ ಇರುವ ವ್ಯತ್ಯಾಸ ಕುತೂಹಲದ್ದು. ಬೆಟ್ಟದ ನೆತ್ತಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಶೇ 84ರಷ್ಟೇ. ಅಷ್ಟರಮಟ್ಟಿಗೆ ನೀರಿನಲ್ಲಿ ಕರಗುವ ಆಮ್ಲಜನಕವೂ ಕಡಿಮೆ. ಆದರೆ ತಣ್ಣೀರು ಹೆಚ್ಚು ಆಮ್ಲಜನಕ ಹಿಡಿದಿಡುತ್ತದೆ. 18 ಡಿಗ್ರಿಯ ಬೆಟ್ಟದ ನೀರಿನಲ್ಲಿ ಲೀಟರಿಗೆ 8 ಮಿಲಿಗ್ರಾಂವರೆಗೂ ಕರಗಬಲ್ಲದು. ಸುಮಾರು 800 ಮೀಟರ್ ಎತ್ತರದ ಗುಂಡ್ಲುಪೇಟೆಯಲ್ಲಿ ಏಪ್ರಿಲ್ ಮಧ್ಯಾಹ್ನ ತೊಟ್ಟಿಯ ನೀರು 30 ಡಿಗ್ರಿ ಮುಟ್ಟಿದರೆ 7ರೊಳಗೇ ನಿಲ್ಲುತ್ತದೆ. ಅದೂ ನೀರು ಚೆನ್ನಾಗಿ ಕಲಕುತ್ತಿದ್ದರೆ. ಬಿಸಿಗೆ ಮೀನಿನ ಉಸಿರಾಟವೂ ಚುರುಕಾಗುವುದರಿಂದ ಕೊರತೆ ಎರಡು ಕಡೆಯಿಂದಲೂ ಒತ್ತುತ್ತದೆ. ಬೇಸಿಗೆಯಲ್ಲಿ ಕರೆಂಟ್ ಹೋದಾಗ ಮೀನು ಮೇಲೆ ಬಂದು ಗಾಳಿ ಗುಟುಕರಿಸುವುದು ಇದಕ್ಕೇ. ಆಗ ಒಂದು ಲೋಟದಲ್ಲಿ ತೊಟ್ಟಿಯ ನೀರನ್ನೇ ಮೊಗೆದು ಒಂದಡಿ ಮೇಲಿನಿಂದ ಹೊಯ್ಯಿರಿ, ಹತ್ತು ಇಪ್ಪತ್ತು ಸಲ, ಆಗಾಗ. ಕರೆಂಟ್ ದೀರ್ಘ ಹೊತ್ತು ಹೋಗುವ ಊರಿನಲ್ಲಿ ಬ್ಯಾಟರಿಯ ಸಣ್ಣ ಏರ್ ಪಂಪ್ ಕೊಂಡಿಟ್ಟುಕೊಳ್ಳುವುದು ಒಳ್ಳೆಯದು.

ಇನ್ನು ನೀರು. ಬೆಟ್ಟದ ಮೇಲೆ ಬೀಳುವ ಮಳೆ, ಮಂಜಿನ ನೀರಿನಲ್ಲಿ ಲವಣ ಅತ್ಯಲ್ಪ. ಅದೇ ನೀರು ಇಳಿದು, ಮಣ್ಣಿಗಿಂಗಿ, ಆಳದ ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ಕೂತು ಬೋರ್‌ವೆಲ್ಲಿನಲ್ಲಿ ಮೇಲೆ ಬರುವ ಹೊತ್ತಿಗೆ ಗಡಸಾಗಿರುತ್ತದೆ. ಸೋಪು ನೊರೆ ಬರದು, ಬೇಳೆ ಬೇಯದು, ಬಿಸಿನೀರಿನ ಹಂಡೆಯೊಳಗೆ ಬಿಳಿ ಕರೆ ಕಟ್ಟುತ್ತದೆ. ಹೀಗಾಗಿಯೇ ಜಿಲ್ಲೆಯ ಹಳ್ಳಿಹಳ್ಳಿಗಳಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದಿವೆ. ನಮಗೆ ಒಳ್ಳೆಯದಾದರೆ ಮೀನಿಗೂ ಒಳ್ಳೆಯದು ಎಂದುಕೊಂಡು ಆ ನೀರನ್ನೇ ತೊಟ್ಟಿಗೆ ತುಂಬುವವರು ಬಹಳ. ಘಟಕದ ಆರ್‌ಓ ಯಂತ್ರ ಲವಣಗಳ ಬಹುಪಾಲನ್ನು ಸೋಸಿಬಿಡುತ್ತದೆ. ಅದರ ಜೊತೆಗೆ ನೀರಿನ ಕ್ಷಾರವೂ ಹೋಗುತ್ತದೆ. ಲೋಳೆಯ ಬ್ಯಾಕ್ಟೀರಿಯಾಗಳು ಕೆಲಸ ಮಾಡುವಾಗ ಆಮ್ಲ ಹುಟ್ಟುತ್ತದೆ. ಒಂದು ಮಿಲಿಗ್ರಾಂ ಸಾರಜನಕಕ್ಕೆ ಏಳು ಮಿಲಿಗ್ರಾಂ ಸುಣ್ಣದಕಲ್ಲಿನಷ್ಟು ಕ್ಷಾರ ಸವೆಯುತ್ತದೆ. ಬೋರ್‌ವೆಲ್ ನೀರಿನಲ್ಲಿ ಅದಕ್ಕೆ ಬೇಕಾದಷ್ಟು ದಾಸ್ತಾನಿದೆ. ಆರ್‌ಓ ನೀರಿನಲ್ಲಿ ಕೆಲವು ವಾರಕ್ಕೆ ಅದು ಬರಿದಾಗಿ, ಪಿಎಚ್ ಜರ್ರನೆ ಇಳಿದು, ಬ್ಯಾಕ್ಟೀರಿಯಾಗಳೂ ಕೆಲಸ ನಿಲ್ಲಿಸುತ್ತವೆ. ಬರೀ ಗಡಸು ನೀರಿನಲ್ಲಿ ಪಿಎಚ್ ಎತ್ತರದಲ್ಲಿರುವುದರಿಂದ ಅಮೋನಿಯಾದ ಕಾಟ. ಅರ್ಧ ಬೋರ್ ನೀರು, ಅರ್ಧ ಘಟಕದ ನೀರು ಬೆರೆಸಿದರೆ ಎರಡೂ ತಾಪತ್ರಯ ತಗ್ಗುತ್ತವೆ. ಕಬಿನಿಯಿಂದ ಬರುವ ನಲ್ಲಿ ನೀರಾದರೆ ಕ್ಲೋರಿನ್ನಿನದೊಂದೇ ಚಿಂತೆ. ಅಗಲ ಬಾಯಿಯ ಬಕೆಟ್ಟಿನಲ್ಲಿ ಒಂದು ಹಗಲು ಒಂದು ರಾತ್ರಿ ತೆರೆದಿಟ್ಟರೆ ಹಾರಿಹೋಗುತ್ತದೆ. ಅಂಗಡಿಯ ಆ್ಯಂಟಿ ಕ್ಲೋರಿನ್ ಹನಿಗಳಲ್ಲಿ ಸಾಮಾನ್ಯವಾಗಿ ಇರುವುದು ಸೋಡಿಯಂ ಥಯೋಸಲ್ಫೇಟ್, ಹಿಂದಿನ ಫೋಟೋ ಸ್ಟುಡಿಯೋದವರ ಹೈಪೋ. ಅದೂ ಸರಿಯೇ. ಯಾವ ನೀರಾದರೂ ವಾರಕ್ಕೊಮ್ಮೆ ಐದನೇ ಒಂದು ಭಾಗ ಮಾತ್ರ ತೆಗೆದು ಹೊಸದು ಸೇರಿಸಿ.

ಪಾಚಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ತೊಟ್ಟಿಯನ್ನು ಕಿಟಕಿಯ ಬಿಸಿಲಿಗಿಟ್ಟರೆ ಅದು ಬರುತ್ತದೆ, ದೀಪವನ್ನು ಎಂಟು ಗಂಟೆಗಿಂತ ಹೆಚ್ಚು ಉರಿಸಿದರೂ ಬರುತ್ತದೆ. ಗಿಡ ಹೆಚ್ಚಿದ್ದರೆ ನೈಟ್ರೇಟಿಗೆ ಪೈಪೋಟಿ ಬಿದ್ದು ಪಾಚಿ ಸೊರಗುತ್ತದೆ.

ಕೃಷಿಯ ಊರಿನಲ್ಲಿ ಇನ್ನೊಂದು ಎಚ್ಚರ ಬೇಕು. ಮಳೆಗಾಲದಲ್ಲಿ ಗುಂಡ್ಲುಪೇಟೆಯ ರಸ್ತೆಬದಿ ಚೆಂಡುಹೂ, ಸೂರ್ಯಕಾಂತಿ ಹೊಲಗಳು ಹಳದಿ ಹೊದ್ದಿರುತ್ತವೆ. ಔಷಧಿ ಹೊಡೆಯುವ ಕಾಲವೂ ಅದೇ. ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕ ಮನುಷ್ಯರಿಗೆ ಅಷ್ಟು ತೀಕ್ಷ್ಣವಲ್ಲದಿದ್ದರೂ ಮೀನಿಗೆ ಅತಿ ಘೋರ. ಹೊಲದಿಂದ ಬಂದು ಕೈ ತೊಳೆಯದೆ ತೊಟ್ಟಿಗೆ ಕೈ ಹಾಕಬೇಡಿ. ಮನೆಯ ಸೊಳ್ಳೆ ಸ್ಪ್ರೇ, ಲಿಕ್ವಿಡ್ ಮೆಷಿನ್‌ಗಳಲ್ಲಿರುವುದೂ ಇದೇ ಗುಂಪಿನ ವಿಷ. ತೊಟ್ಟಿ ಇರುವ ಕೋಣೆಯಲ್ಲಿ ಅವು ಬೇಡ. ಗಾಳಿಯ ಪಂಪ್ ಕೋಣೆಯ ಗಾಳಿಯನ್ನೇ ಹೀರಿ ನೀರಿಗೆ ತುಂಬುತ್ತದೆ.

ತೆಗೆದ ಹಳೆಯ ನೀರನ್ನು ಕರಿಬೇವಿನ ಗಿಡಕ್ಕೋ ದಾಸವಾಳಕ್ಕೋ ಹಾಕಿ. ಅದರಲ್ಲಿ ನೈಟ್ರೇಟ್ ಇದೆ, ಗಿಡ ಹಿಗ್ಗುತ್ತದೆ. ಚರಂಡಿಗೋ ಕೆರೆಗೋ ಮಾತ್ರ ಸುರಿಯಬೇಡಿ. ಅದರಲ್ಲಿ ಮೀನಿನ ಮರಿ, ಬಸವನಹುಳುವಿನ ಮೊಟ್ಟೆ, ಗಿಡದ ಚೂರು ಇರಬಹುದು. ಇದೇಕೆ ಇಷ್ಟು ದೊಡ್ಡ ಮಾತು ಎನ್ನುವವರು ಬೆಟ್ಟದ ಬಸ್ಸಿನ ಕಿಟಕಿಯಿಂದ ಹೊರಗೆ ನೋಡಬೇಕು. ಬಂಡೀಪುರದ ಕಾಡಿನ ನೆಲವನ್ನು ಎಲ್ಲೆಂದರಲ್ಲಿ ಮುಚ್ಚಿರುವ ಲಂಟಾನ ಅಮೆರಿಕ ಖಂಡದ ಗಿಡ. 19ನೇ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರಕ್ಕೆಂದು ಬಂದದ್ದು. ಮೈಸೂರು ಮಹಾರಾಜರು ವೇಣುಗೋಪಾಲ ವನ್ಯಧಾಮವೆಂದು ಈ ಬೆಟ್ಟದ ದೇವರ ಹೆಸರಿನಲ್ಲಿ ಕಾಯ್ದಿಟ್ಟ ಕಾಡು ಇಂದು ಆ ಹೂದೋಟದ ಗಿಡದ ಕೈಯಲ್ಲಿ ಸಿಕ್ಕಿ ಹುಲ್ಲಿಗೆ ಜಾಗವಿಲ್ಲದಂತಾಗಿದೆ.

ನೀರಿನೊಳಗೂ ಇದೇ ನಡೆಯುತ್ತಿದೆ, ಕಾಣುವುದಿಲ್ಲ ಅಷ್ಟೇ. ತೊಟ್ಟಿ ಕ್ಲೀನ್ ಮಾಡುತ್ತದೆ ಎಂದು ಅಂಗಡಿಯಲ್ಲಿ ಕೊಡುವ ಸಕ್ಕರ್ ಮೀನು ದಕ್ಷಿಣ ಅಮೆರಿಕದ್ದು. ಬೆರಳುದ್ದದ ಮರಿ ಪಾಚಿ ಕೆರೆಯುತ್ತದೆ ನಿಜ, ಆದರೆ ಅದು ಬೆಳೆದು ಮೊಳದುದ್ದವಾಗುತ್ತದೆ, ತಾನು ತಿಂದದ್ದಕ್ಕಿಂತ ಹೆಚ್ಚು ತೊಟ್ಟಿಯನ್ನು ಕೆಡಿಸುತ್ತದೆ. ಆಗ ಮನಸ್ಸು ಮೆತ್ತಗಿನವರು ಕೊಲ್ಲಲಾರದೆ ಕೆರೆಗೆ ಬಿಡುತ್ತಾರೆ. ದಕ್ಷಿಣ ಭಾರತದ ಹಲವು ಕೆರೆ ಹೊಳೆಗಳಲ್ಲಿ ಇಂದು ಬಲೆಗೆ ಬೀಳುವ, ಮುಳ್ಳುಚಿಪ್ಪಿನಿಂದ ಬಲೆಯನ್ನೇ ಹರಿಯುವ ಸಕ್ಕರ್‌ಗಳು ಹೀಗೆ ಬಂದವು. ಗುಂಡ್ಲುಪೇಟೆಯ ಗುಂಡ್ಲು ಹೊಳೆ ಕಬಿನಿಯನ್ನು ಸೇರುತ್ತದೆ, ಕಬಿನಿ ಕಾವೇರಿಯನ್ನು. ಬಂಡೀಪುರದ ದಕ್ಷಿಣದ ಅಂಚಿನ ಮೋಯಾರ್ ಕೂಡ ಭವಾನಿಯ ಮೂಲಕ ಅದೇ ಕಾವೇರಿಗೆ. ಮೋಯಾರ್‌ನಲ್ಲಿ ಈಗಲೂ ಉಳಿದಿರುವ ಡುಬ್ಬದ ಮಹಶೀರ್, ಕಾವೇರಿ ಕಣಿವೆ ಬಿಟ್ಟರೆ ಜಗತ್ತಿನ ಬೇರೆಲ್ಲೂ ಇಲ್ಲದ ದೈತ್ಯ ಮೀನು, ತೀವ್ರ ಅಳಿವಿನಂಚಿನ ಪಟ್ಟಿಗೆ ಸೇರಿದ್ದು 2018ರಲ್ಲಿ. ಅದಕ್ಕೆ ಬಂದ ಕಂಟಕಗಳಲ್ಲಿ ಒಂದು, 1970ರ ದಶಕದಿಂದ ಒಳ್ಳೆಯ ಉದ್ದೇಶದಿಂದಲೇ ಕಾವೇರಿಗೆ ಬಿಡುತ್ತ ಬಂದ ಇನ್ನೊಂದು ಜಾತಿಯ ಮಹಶೀರ್ ಮರಿಗಳು. ಪಕ್ಕದ ರಾಜ್ಯದ ಮೀನೇ ಇಷ್ಟು ಮಾಡಿದರೆ ಅಮೆಜಾನಿನ ಮೀನು ಏನು ಮಾಡೀತು!

ಅದರಂತೆಯೇ ಬೆಟ್ಟದ ತೀರ್ಥದಿಂದಲೋ ಕಾಡಿನ ಹಳ್ಳದಿಂದಲೋ ಮೀನು, ಗಿಡ, ಕಲ್ಲುಗಳನ್ನು ಚೀಲದಲ್ಲಿ ತರುವುದೂ ಬೇಡ. ರಾಷ್ಟ್ರೀಯ ಉದ್ಯಾನದಿಂದ ಹಾಗೆ ತರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಸಾಕಲಾಗದ ಮೀನನ್ನು ಕೊಂಡ ಅಂಗಡಿಗೆ ಹಿಂದಿರುಗಿಸಿ, ಇಲ್ಲವೇ ತೊಟ್ಟಿ ಇರುವ ಇನ್ನೊಬ್ಬರಿಗೆ ಕೊಡಿ. ಸತ್ತದ್ದನ್ನು ಗಿಡದ ಬುಡದಲ್ಲಿ ಹೂಳಿ. ಕತ್ತರಿಸಿದ ನೀರುಗಿಡದ ತುಂಡುಗಳನ್ನು ಕಲ್ಲಿನ ಮೇಲೆ ಹರವಿ, ಮುರಿದರೆ ಚಟ್ಟೆಂದು ಮುರಿಯುವಷ್ಟು ಒಣಗಿಸಿ ತಿಪ್ಪೆಗೆ ಹಾಕಿ. ಹೈಡ್ರಿಲ್ಲಾದಂಥ ಗಿಡಕ್ಕೆ ಒಂದು ಹಸಿ ಗೆಣ್ಣು ಸಿಕ್ಕರೂ ಸಾಕು, ಬಿದ್ದ ನೀರಿನಲ್ಲಿ ಮತ್ತೆ ಚಿಗುರುತ್ತದೆ.